ಹಳೆಯ ಲಾರಿಗೊಂದು ಬಿತ್ತುವಟ್ಟ

ನಮ್ಮ ನಾಡಿನ ದಾನಶಾಸನಗಳಲ್ಲಿ ಕಣ್ಣಾಡಿಸಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸ ಹೊಸದಲ್ಲ. ಗುಡಿಯನ್ನೋ ಬಸದಿಯನ್ನೋ ಕಟ್ಟಿಸಿದ ಪುಣ್ಯಾತ್ಮನು ಕಟ್ಟಿಸಿದಲ್ಲಿಗೇ ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಿರಲಿಲ್ಲ. ಮುಂದೊಂದು ದಿನ ಅದರ ಕಲ್ಲು ಮುರಿದೀತು, ಗೋಡೆ ಬಿರಿದೀತು, ಕಟ್ಟಡವೇ ಸವೆದು ಜೀರ್ಣವಾದೀತು ಎಂಬುದನ್ನು ಮೊದಲೇ ಎಣಿಸಿ, ಅದನ್ನು ಸರಿಪಡಿಸುವ ವೆಚ್ಚಕ್ಕೆಂದು ಇಷ್ಟು ಗದ್ದೆ, ಇಷ್ಟು ಬೆದ್ದಲು ಎಂದು ಎಲ್ಲೆಗಳ ಸಮೇತ ಬರೆಸಿಡುತ್ತಿದ್ದನು. ಕೆರೆಗಾದರೆ ‘ಬಿತ್ತುವಟ್ಟ’ವೆಂಬ ಬೇರೆ ಹೆಸರಿನ ದತ್ತಿಯೇ ಉಂಟು. ಕಟ್ಟುವುದು ಒಂದು ಪುಣ್ಯ, ಕಟ್ಟಿದ್ದನ್ನು ಕಾಯುವುದು ಇನ್ನೊಂದು ಪುಣ್ಯ; ಎರಡಕ್ಕೂ ಬೇರೆ ಬೇರೆ ಲೆಕ್ಕವಿರಬೇಕೆಂಬ ತಿಳಿವಳಿಕೆ ಆ ಕಾಲದವರಿಗೆ ಇದ್ದಿತು.

ಈ ಸಮಾಸವನ್ನು ತರಗತಿಯಲ್ಲಿ ಎಷ್ಟೋ ವರ್ಷ ಬಿಡಿಸಿ ಹೇಳಿದ ನನಗೆ ಅದು ಯಂತ್ರಕ್ಕೂ ಸಲ್ಲುವ ಮಾತೆಂದು ಹೊಳೆದದ್ದು ಮಲೆನಾಡಿನ ಒಂದು ಗ್ಯಾರೇಜಿನ ಅಂಗಳದಲ್ಲಿ. ಸೈನ್ಯದಿಂದ ವಿಲೇವಾರಿಯಾಗಿ ಹರಾಜಿನಲ್ಲಿ ಬಂದ ಒಂದು ಶಕ್ತಿಮಾನ್ ಲಾರಿ ಅಲ್ಲಿ ಮೂತಿ ತೆರೆದು ನಿಂತಿತ್ತು. ಹಸುರು ಬಣ್ಣದ ಮೇಲೆ ಎರಡು ಬಾರಿ ಬೇರೆ ಬಣ್ಣ ಬಳಿದಿದ್ದರೂ ಬಾಗಿಲ ಸಂದಿಯಲ್ಲಿ ಹಳೆಯ ಹಸುರು ಇಣುಕುತ್ತಿತ್ತು. ಅದನ್ನು ದುರಸ್ತಿ ಮಾಡುತ್ತಿದ್ದ ಮೇಸ್ತ್ರಿಗೆ ಅರವತ್ತು ದಾಟಿದ ವಯಸ್ಸು. ‘ಇದು ಸಾಯೋ ಗಾಡಿ ಅಲ್ಲ ಸಾರ್, ಕೊಲ್ಲೋರು ಸಿಕ್ಕರೆ ಸಾಯ್ತದೆ’ ಎಂದರು. ಈ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ; ಉಳಿದ ಕಾಲು ಪಾಲನ್ನು ಕುರಿತು ಮುಂದೆ ಹೇಳುವೆನು.

ಶಕ್ತಿಮಾನ್ ಎಂಬುದು ಸ್ವತಂತ್ರ ಭಾರತವು ತನ್ನ ಸೈನ್ಯಕ್ಕಾಗಿ ತಾನೇ ತಯಾರಿಸಿಕೊಂಡ ಲಾರಿಯ ಹೆಸರು. ವಿ. ಕೆ. ಕೃಷ್ಣ ಮೆನನ್ನರು ರಕ್ಷಣಾ ಸಚಿವರಾಗಿದ್ದಾಗ, ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿ ಪಡೆದು, ೧೯೫೯ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ಇದರ ತಯಾರಿಕೆ ಮೊದಲಾಯಿತು. ಫಿರಂಗಿಗಳ ಬಂಡಿಗಳನ್ನು ಮಾಡುತ್ತಿದ್ದ ಕಾರ್ಖಾನೆ ಮೋಟಾರು ಲಾರಿ ಮಾಡಲು ಹೊರಟದ್ದನ್ನು ಕಂಡು ಮೂಗು ಮುರಿದವರೂ ಆಗ ಇಲ್ಲದಿರಲಿಲ್ಲ. ೧೯೬೯ರಲ್ಲಿ ಅದೇ ಊರಿನಲ್ಲಿ ವಾಹನಗಳಿಗೆಂದೇ ಬೇರೆ ಕಾರ್ಖಾನೆ ಏರ್ಪಟ್ಟಿತು. ೧೯೯೦ರ ದಶಕದಲ್ಲಿ ಶಕ್ತಿಮಾನ್ ತಯಾರಿಕೆ ನಿಂತು, ಅಶೋಕ್ ಲೇಲ್ಯಾಂಡಿನವರ ಸ್ಟ್ಯಾಲಿಯನ್ನೂ ಟಾಟಾದವರ ಲಾರಿಯೂ ಅದರ ಜಾಗಕ್ಕೆ ಬಂದವು. ಮೂರು ಟನ್ನಿನ ಲಾರಿ ಎಂದು ಸೈನ್ಯದ ಲೆಕ್ಕ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಸಬಹುದು, ಉದ್ದ ಮೂತಿ, ಅದರೊಳಗೆ ಆರು ಸಿಲಿಂಡರುಗಳ ಡೀಸೆಲ್ ಎಂಜಿನ್ನು. ಮೂತಿ ಉದ್ದವಾಗಿರುವುದೇ ದುರಸ್ತಿ ಮಾಡುವವನಿಗೆ ಮೊದಲನೆಯ ಉಪಕಾರ. ಮುಚ್ಚಳ ಎತ್ತಿ ಮಡ್‌ಗಾರ್ಡಿನ ಮೇಲೆ ಕುಳಿತರೆ ಬೇಕಾದ ಭಾಗವೆಲ್ಲ ಕೈಗೆಟುಕುತ್ತದೆ.

ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂಬುದನ್ನು ನಾವು ಮರೆತಿದ್ದೇವೆ. ರುಡಾಲ್ಫ್ ಡೀಸೆಲ್ ೧೮೯೩ರಲ್ಲಿ ತನ್ನ ಎಂಜಿನ್ನಿಗೆ ಹಕ್ಕುಪತ್ರ ಪಡೆದನು. ೧೮೯೭ರಲ್ಲಿ ಅದನ್ನು ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದನು. ಆ ಕಾರ್ಖಾನೆಯೇ ಮುಂದೆ ನ್ಯೂರೆಂಬರ್ಗಿನ ಕಾರ್ಖಾನೆಯೊಡನೆ ಕೂಡಿ ಎಂ.ಎ.ಎನ್. ಎನಿಸಿತು. ಜಬಲ್ಪುರದ ಲಾರಿಯ ಮನೆತನ ಹೀಗೆ ನೇರವಾಗಿ ಮೂಲಪುರುಷನವರೆಗೂ ಹೋಗುತ್ತದೆ. ೧೯೧೩ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಒಂದು ರಾತ್ರಿ ಕಾಣೆಯಾಗಿ ಕಡಲಿನಲ್ಲಿ ಹೆಣವಾದ ಆ ದುರ್ದೈವಿಯು ತನ್ನ ಎಂಜಿನ್ನು ಲಾರಿಗಳಲ್ಲಿ ನೆಲೆಯೂರಿದ್ದನ್ನು ಕಾಣಲಿಲ್ಲ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಡೀಸೆಲ್ ಲಾರಿಯನ್ನು ಎಂ.ಎ.ಎನ್. ಕಂಪನಿ ಲೋಕಕ್ಕೆ ತೋರಿಸಿದ್ದು ೧೯೨೪ರಲ್ಲಿ.

ಈ ಎಂಜಿನ್ನಿನ ತತ್ತ್ವ ಬಹು ಸರಳ. ಪೆಟ್ರೋಲ್ ಎಂಜಿನ್ನಿನಲ್ಲಿರುವ ಕಿಡಿ ಇಲ್ಲಿಲ್ಲ. ಗಾಳಿಯನ್ನು ಸುಮಾರು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದರೆ ಅದು ತಾನಾಗಿ ಕಾದು ಕೆಂಡವಾಗುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಕೈಗೆ ಬಿಸಿ ತಟ್ಟುವುದನ್ನು ಬಲ್ಲ ಹುಡುಗನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನ ಹಾಗೆ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಆದಕಾರಣ ಡೀಸೆಲ್ ಲಾರಿ ಹೊರಡದಿದ್ದರೆ ಕೇಳಬೇಕಾದ ಪ್ರಶ್ನೆಗಳೂ ಕೆಲವೇ. ಎಂಜಿನ್ನು ಸಾಕಷ್ಟು ಬಿರುಸಾಗಿ ತಿರುಗುತ್ತಿದೆಯೆ? ಗಾಳಿ ಒತ್ತಲ್ಪಡುತ್ತಿದೆಯೆ, ಎಲ್ಲಿಯಾದರೂ ಸೋರುತ್ತಿದೆಯೆ? ಎಣ್ಣೆ ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ, ಸರಿಯಾಗಿ ಚೂರಾಗಿ ಬರುತ್ತಿದೆಯೆ? ಇವಕ್ಕೆ ಉತ್ತರ ಸಿಕ್ಕಿದರೆ ರೋಗ ಸಿಕ್ಕಿತು. ಹೊಗೆಯ ಬಣ್ಣವೂ ವೈದ್ಯನಿಗೆ ನಾಡಿಯಿದ್ದಂತೆ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಗಾಳಿಯ ಫಿಲ್ಟರು ಕಟ್ಟಿದ್ದೀತು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ನಿನ ರಿಂಗು ಸವೆದಿದ್ದೀತು. ಬಿಳಿಯಾದರೆ ಎಣ್ಣೆ ಉರಿಯದೆ ಹೋಗುತ್ತಿದೆ, ಇಲ್ಲವೆ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಚಳಿಯ ಬೆಳಗ್ಗೆ ಎರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ, ಎಂಜಿನ್ನು ಕಾದ ಮೇಲೂ ನಿಲ್ಲದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟನ್ನು ನೋಡಬೇಕು.

ಗ್ಯಾರೇಜಿನವರು ‘ಏರ್ ಹಿಡಿದಿದೆ’ ಎನ್ನುವ ಕಾಯಿಲೆಯೊಂದುಂಟು. ನಮ್ಮ ಜನ ಹಳೆಯ ಡೀಸೆಲ್ ಗಾಡಿಯನ್ನು ಕಂಡು ಹೆದರುವುದಕ್ಕೆ ಅರ್ಧ ಕಾರಣ ಅದು. ಟ್ಯಾಂಕಿನ ಎಣ್ಣೆ ಪೂರ್ತಿ ಮುಗಿದಾಗಲೋ ಫಿಲ್ಟರು ಬದಲಿಸಿದಾಗಲೋ ಕೊಳವೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪು ಎಷ್ಟು ಒತ್ತಿದರೂ ಆ ಒತ್ತಡವನ್ನೆಲ್ಲ ಗಾಳಿಯ ಗುಳ್ಳೆ ನುಂಗಿಬಿಡುತ್ತದೆ, ನಾಜಲ್ ಬಾಯಿ ಬಿಡುವುದಿಲ್ಲ. ಮಾಡಬೇಕಾದುದಿಷ್ಟು: ಫಿಲ್ಟರಿನ ನೆತ್ತಿಯ ಮೇಲಿರುವ ಸಣ್ಣ ತಿರುಪನ್ನು ಸಡಿಲಿಸಿ, ಪಕ್ಕದಲ್ಲಿರುವ ಕೈಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ, ಬುಳುಬುಳು ಗುಳ್ಳೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಎಣ್ಣೆ ಧಾರೆಯಾಗಿ ಬರುತ್ತದೆ. ಆ ಧಾರೆ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು. ನಿಂತ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ಬಳಿಕ ಪಂಪಿನ ತಿರುಪು, ಕೊನೆಗೆ ಒಂದೊಂದಾಗಿ ನಾಜಲ್ಲಿನ ಕೊಳವೆಯ ನಟ್ಟು. ಹತ್ತು ನಿಮಿಷದ ಕೆಲಸ. ಕಲಿತವನಿಗೆ ಹತ್ತು ನಿಮಿಷ. ಕಲಿಯದವನು ಬ್ಯಾಟರಿ ಸತ್ತುಹೋಗುವ ತನಕ ಸ್ಟಾರ್ಟರ್ ಒತ್ತುತ್ತಾ ಕೂರುತ್ತಾನೆ, ಆಮೇಲೆ ಗಾಡಿ ಕೆಟ್ಟಿತೆಂದು ಮಾರುತ್ತಾನೆ.

ಈ ಎಂಜಿನ್ನಿನ ಹೃದಯ ಎಣ್ಣೆ ಪಂಪು. ಅದರೊಳಗೆ ಆಡುವ ಕಡ್ಡಿಗೂ ಅದರ ಗೂಡಿಗೂ ನಡುವಣ ತೆರಪು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ನಮ್ಮ ತಲೆಗೂದಲು ಅದರ ಇಪ್ಪತ್ತು ಮೂವತ್ತರಷ್ಟು ದಪ್ಪ. ಇಷ್ಟು ಸೂಕ್ಷ್ಮವಾದ ವಸ್ತುವನ್ನು ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸತೊಡಗಿತು. ೨೦೦೮ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಗ್ಯಾರೇಜುಗಳಲ್ಲಿ ಅದಿನ್ನೂ ಮೈಕೋ ಪಂಪೇ. ದೇಶದ ಡೀಸೆಲ್ ಲಾರಿಗಳಿಗೆ ಪಂಪನ್ನೂ ನಾಜಲ್ಲನ್ನೂ ಒದಗಿಸಿದ ಆ ಕಾರ್ಖಾನೆಯಿಂದಾಗಿ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಅಲ್ಲಿ ದುಡಿದವರ ಕೈಗೆ ಕೂದಲಿಗಿಂತ ಕಿರಿದಾದ ತೆರಪು ಗೊತ್ತಿತ್ತು. ಈ ಸೂಕ್ಷ್ಮತೆಗೆ ಶತ್ರುಗಳು ಎರಡು, ಧೂಳು ಮತ್ತು ನೀರು. ನೀರು ಡೀಸೆಲ್ಲಿಗಿಂತ ತೂಕವಾದ್ದರಿಂದ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಟ್ಯಾಂಕಿನ ಕೆಳಗಿನ ಬಿರಡೆಯನ್ನು ಬೆಳಗ್ಗೆ ಕ್ಷಣಕಾಲ ಸಡಿಲಿಸಿದರೆ ಮೊದಲು ನೀರೇ ಬರುತ್ತದೆ. ಎಣ್ಣೆ ಬಂದೊಡನೆ ಬಿಗಿಯಬೇಕು. ಸಂಜೆಯೇ ಟ್ಯಾಂಕು ತುಂಬಿಸಿಟ್ಟರೆ ಒಳಗೆ ಹಬೆ ನೀರಾಗುವುದಕ್ಕೆ ಜಾಗವೇ ಉಳಿಯುವುದಿಲ್ಲ. ಎಷ್ಟು ಸಣ್ಣ ಕೆಲಸ! ಇದಕ್ಕೆ ತಪ್ಪಿದರೆ ಸಾವಿರಾರು ರೂಪಾಯಿಯ ಪಂಪು ತುಕ್ಕು ಹಿಡಿಯುತ್ತದೆ.

ಸೈನ್ಯದವರು ಗೆದ್ದದ್ದು ಇಂಥ ಸಣ್ಣ ಕೆಲಸಗಳಲ್ಲಿ. ಯಂತ್ರಗಳನ್ನು ಸರಿಪಡಿಸುವುದಕ್ಕೆಂದೇ ೧೯೪೩ರ ಅಕ್ಟೋಬರ್ ೧೫ರಂದು ಒಂದು ದಳವನ್ನು ಕಟ್ಟಿದರು, ಇ.ಎಂ.ಇ. ಎಂದು ಈಗ ಅದನ್ನು ಕರೆಯುವುದು. ಅದರ ದೊಡ್ಡ ಕಾರ್ಯಾಗಾರಗಳಲ್ಲಿ ಒಂದು ನಮ್ಮ ಹಲಸೂರಿನಲ್ಲಿದೆ. ಸೈನ್ಯಕ್ಕೆ ಸಾಮಾನು ಸಾಗಿಸುವ ಎ.ಎಸ್.ಸಿ. ದಳದ ತರಬೇತಿ ಕೇಂದ್ರವೂ ಬೆಂಗಳೂರಿನದೇ. ಹಿಮಾಲಯದ ಕಣಿವೆಗಳಲ್ಲಿ ಲಾರಿ ನಡೆಸಿದ ಅದೆಷ್ಟೋ ಚಾಲಕರು ಇಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿತವರು. ಆದರೆ ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಚಾಲಕನ ದಿನಚರಿ. ಗಾಡಿ ಹೊರಡುವ ಮುನ್ನ ಒಂದು ಪರೀಕ್ಷೆ, ನಡುದಾರಿಯಲ್ಲಿ ನಿಂತಾಗ ಒಂದು, ಹಿಂದಿರುಗಿ ಬಂದ ಮೇಲೆ ಒಂದು. ಫಸ್ಟ್ ಪೆರೇಡ್, ಹಾಲ್ಟ್ ಪೆರೇಡ್, ಲಾಸ್ಟ್ ಪೆರೇಡ್ ಎಂದು ಅವಕ್ಕೆ ಹೆಸರು. ಸಂಧ್ಯಾವಂದನೆಗೆ ಮೂರು ಹೊತ್ತು ಇದ್ದಂತೆ ಇದಕ್ಕೂ ಮೂರು. ನೀರು, ಆಯಿಲ್, ಟೈರಿನ ಗಾಳಿ, ಚಕ್ರದ ನಟ್ಟು, ಬ್ರೇಕು, ದೀಪ. ನಡುವೆ ನಿಂತಾಗ ಚಕ್ರದ ಗುಂಬವನ್ನು ಮುಟ್ಟಿ ನೋಡುವುದು, ಒಂದು ಮಾತ್ರ ಬೇರೆಯದಕ್ಕಿಂತ ಬಿಸಿಯಾಗಿದ್ದರೆ ಬೇರಿಂಗೋ ಬ್ರೇಕೋ ಹಿಡಿದುಕೊಂಡಿದೆ. ಪ್ರತಿಯೊಂದು ಗಾಡಿಗೂ ತನ್ನದೇ ಒಂದು ಪುಸ್ತಕ. ಎಲ್ಲಿಗೆ ಹೋಯಿತು, ಎಷ್ಟು ಓಡಿತು, ಯಾವಾಗ ಆಯಿಲ್ ಬದಲಾಯಿತು, ಯಾವ ಭಾಗ ಹೊಸದಾಯಿತು ಎಂಬುದೆಲ್ಲ ಅದರಲ್ಲಿ. ಚಾಲಕ ಬದಲಾದರೂ ಪುಸ್ತಕ ಗಾಡಿಯೊಡನೆಯೇ ಹೋಗುತ್ತದೆ.

ಶಕ್ತಿಮಾನಿನ ದೀರ್ಘಾಯುಷ್ಯವನ್ನು ಜರ್ಮನ್ ಕಬ್ಬಿಣಕ್ಕೆ ಒಪ್ಪಿಸಿಬಿಡುವವರೊಡನೆ ನನ್ನ ಜಗಳವಿರುವುದು ಇಲ್ಲಿ. ಕಬ್ಬಿಣ ಒಳ್ಳೆಯದೇ, ಅದನ್ನು ಅಲ್ಲಗಳೆಯುವವರಾರು? ಆದರೆ ಆ ಲಾರಿ ಹೋದ ದಾರಿಗಳನ್ನು ನೆನೆಯಿರಿ. ಲಡಾಖಿನ ಕಣಿವೆಗಳಲ್ಲಿ ಐದೂವರೆ ಸಾವಿರ ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದಲ್ಲಿರುವುದರ ಅರ್ಧವಷ್ಟೆ. ಮನುಷ್ಯ ಏದುವಂತೆ ಎಂಜಿನ್ನೂ ಏದುತ್ತದೆ, ಬಲ ಕುಂದುತ್ತದೆ, ಎಣ್ಣೆಯನ್ನು ಅಳತೆಯರಿತು ಕಡಿಮೆ ಮಾಡದಿದ್ದರೆ ಕರಿಯ ಹೊಗೆಯಲ್ಲದೆ ಮತ್ತೇನೂ ಹೊರಡದು. ಚಳಿ ಹೆಚ್ಚಿದರೆ ಡೀಸೆಲ್ಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರಿನ ಬಾಯಿ ಮುಚ್ಚುತ್ತದೆ. ಬೆಳಗಾಗುವ ಮುನ್ನ ಎದ್ದು ಎಂಜಿನ್ನಿನ ತಳಕ್ಕೆ ಕಾವು ಕೊಟ್ಟು, ಬ್ಯಾಟರಿಯನ್ನು ಬೆಚ್ಚಗಿಟ್ಟುಕೊಂಡು, ಅದನ್ನು ಎಬ್ಬಿಸುವುದು ಮಗುವನ್ನು ಸಾಕಿದಂತೆಯೇ ಸರಿ. ರಾಜಸ್ಥಾನದ ಮರಳಿನಲ್ಲಾದರೆ ಗಾಳಿಯ ಫಿಲ್ಟರಿನ ಎಣ್ಣೆ ಬಟ್ಟಲನ್ನು ದಿನದಿನವೂ ಬಿಚ್ಚಿ ತೊಳೆಯಬೇಕು. ಮರಳಿನ ಹುಡಿ ಒಳಹೊಕ್ಕರೆ ಸಿಲಿಂಡರಿಗೆ ಸಾಣೆ ಹಿಡಿದಂತೆ. ಇಷ್ಟೆಲ್ಲ ಸೇವೆ ದೊರೆಯದಿದ್ದರೆ ಜರ್ಮನ್ ಕಬ್ಬಿಣ ಎಷ್ಟು ದಿನ ಬಾಳುತ್ತಿತ್ತು?

ಈ ಸೇವೆಯನ್ನು ಕಲಿಸುವುದಕ್ಕೆ ಭಾಷೆ ಬೇಕು. ಅಮೆರಿಕದ ಸೈನ್ಯ ಇದನ್ನು ನಮಗಿಂತ ಮೊದಲೇ ಮನಗಂಡಿತು. ಅವರಲ್ಲೂ ಶಕ್ತಿಮಾನಿನಂಥ ಒಂದು ಲಾರಿ ಇತ್ತು. ಎಂ-೩೫ ಎಂದು ಅದರ ಅಂಕಿತ, ಎರಡೂವರೆ ಟನ್ನಿನದಾದ್ದರಿಂದ ‘ಡ್ಯೂಸ್ ಅಂಡ್ ಎ ಹಾಫ್’ ಎಂದು ಸಿಪಾಯಿಗಳು ಇಟ್ಟ ಅಡ್ಡಹೆಸರು. ಅದರ ಒಂದು ಮಾದರಿಯಲ್ಲಿ ಡೀಸೆಲ್ಲನ್ನಲ್ಲದೆ ಬೇರೆ ಇಂಧನಗಳನ್ನೂ ಕುಡಿಯಬಲ್ಲ ಎಂಜಿನ್ನು ಇತ್ತು. ಆ ಎಂಜಿನ್ನಿನ ಮೂಲವಿದ್ಯೆಯೂ ಎಂ.ಎ.ಎನ್. ಕಂಪನಿಯದೇ, ಆದ್ದರಿಂದ ಎರಡು ಲಾರಿಗಳೂ ದೂರದ ದಾಯಾದಿಗಳು. ಆ ಲಾರಿಗೆ ಸೈನ್ಯ ಕೈಪಿಡಿಗಳನ್ನು ಬರೆಸಿತು, ಚಾಲಕನಿಗೆ ಒಂದು, ಘಟಕದ ಮೆಕ್ಯಾನಿಕನಿಗೆ ಒಂದು, ಮೇಲಿನ ಕಾರ್ಯಾಗಾರಕ್ಕೆ ಒಂದು ಎಂದು. ಯಾರು ಯಾವ ನಟ್ಟಿನವರೆಗೆ ಕೈಹಾಕಬಹುದು ಎಂಬುದಕ್ಕೆ ಎಲ್ಲೆ ಗೊತ್ತುಪಡಿಸಿ. ಇಂದು ಆ ಲಾರಿಗಳನ್ನು ಹರಾಜಿನಲ್ಲಿ ಕೊಂಡು ಸಾಕುವ ಸಾಮಾನ್ಯ ಜನರು ಆ ಕೈಪಿಡಿಗಳನ್ನೇ ಮುಂದಿಟ್ಟುಕೊಂಡು ಎಂಜಿನ್ನು ಬಿಚ್ಚುತ್ತಾರೆ. ಪುಸ್ತಕವಿದ್ದುದರಿಂದ ಗಾಡಿ ಸೈನ್ಯದ ಆಚೆಗೂ ಬದುಕಿತು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಕೈಪಿಡಿ ಎಷ್ಟೇ ಚೆನ್ನಾಗಿದ್ದರೂ ಇಪ್ಪತ್ತು ವರ್ಷದ ಸಿಪಾಯಿ ಅದನ್ನು ಓದುವನೆ? ೧೯೫೧ರಲ್ಲಿ ‘ಪಿ.ಎಸ್.’ ಎಂಬ ಪುಟ್ಟ ಮಾಸಪತ್ರಿಕೆಯನ್ನು ಆರಂಭಿಸಿ, ಅದರ ಚಿತ್ರದ ಹೊಣೆಯನ್ನು ವಿಲ್ ಐಸ್ನರ್ ಎಂಬ ಚಿತ್ರಕಥೆಗಾರನಿಗೆ ಕೊಟ್ಟರು. ಕಾಮಿಕ್ಸ್ ಲೋಕದಲ್ಲಿ ಆತ ಆಗಲೇ ಹೆಸರಾದವನು. ೧೯೭೧ರವರೆಗೆ, ಇಪ್ಪತ್ತು ವರ್ಷಕಾಲ, ಆತ ಗ್ರೀಸು ಹಚ್ಚುವುದನ್ನೂ ಫಿಲ್ಟರು ತೊಳೆಯುವುದನ್ನೂ ಚಿತ್ರವಾಗಿ, ನಗೆಯಾಗಿ, ಕಥೆಯಾಗಿ ಹೇಳಿದ. ಅದರಲ್ಲಿ ಪಾಠ ಹೇಳುವ ಒಬ್ಬ ಹೆಣ್ಣುಮಗಳ ಹೆಸರು ‘ಕಾನಿ ರಾಡ್’. ಪಿಸ್ಟನ್ನನ್ನೂ ಕ್ರ್ಯಾಂಕನ್ನೂ ಕೂಡಿಸುವ ಕನೆಕ್ಟಿಂಗ್ ರಾಡಿನ ಮೇಲೆ ಮಾಡಿದ ಶ್ಲೇಷೆ ಅದು. ಶ್ಲೇಷಾಲಂಕಾರಕ್ಕೆ ಕಾವ್ಯಗಳಲ್ಲಿ ಉದಾಹರಣೆ ಹುಡುಕಿ ಸಾಕಾದ ನನಗೆ, ಲಾರಿಯ ಎಂಜಿನ್ನಿನೊಳಗೆ ಒಂದು ಸಿಕ್ಕಿದ್ದು ಹಬ್ಬದೂಟವೇ ಆಯಿತು. ಒಂದು ಸರ್ಕಾರ, ಅದರಲ್ಲೂ ಸೈನ್ಯ, ದುರಸ್ತಿಯ ಕೆಲಸಕ್ಕೆ ತನ್ನ ಕಾಲದ ಒಳ್ಳೆಯ ಕಥೆಗಾರನೊಬ್ಬನನ್ನು ಕರೆದು ಕೂರಿಸಿತೆಂಬುದು ಯೋಚಿಸಬೇಕಾದ ಸಂಗತಿ. ನಮ್ಮ ಕಥೆಗಾರರನ್ನು ಯಾರಾದರೂ ಇಂಥ ಕೆಲಸಕ್ಕೆ ಕರೆದರೆ ನಾವು ಅದನ್ನು ಅವಮಾನವೆಂದು ತಿಳಿಯುವುದಿಲ್ಲವೆ?

ಈಗ ಮಲೆನಾಡಿನ ಅಂಗಳಕ್ಕೆ ಹಿಂದಿರುಗೋಣ. ಸೈನ್ಯ ಮಾರಿದ ಕ್ಷಣದಲ್ಲಿ ಆ ಲಾರಿ ತನ್ನ ಮೂರು ಹೊತ್ತಿನ ಪೆರೇಡನ್ನೂ ತನ್ನ ಪುಸ್ತಕವನ್ನೂ ಕಳೆದುಕೊಂಡಿತು. ಶಾಸನದ ಮಾತಿನಲ್ಲಿ ಹೇಳುವುದಾದರೆ ಕೆರೆ ಉಳಿಯಿತು, ಬಿತ್ತುವಟ್ಟ ತಪ್ಪಿತು. ಹೊಸ ಧಣಿಗೆ ಬೇಕಾದುದು ಮರದ ದಿಮ್ಮಿ ಘಟ್ಟ ಇಳಿಯುವುದಷ್ಟೆ. ಈಶಾನ್ಯದ ಗುಡ್ಡಗಾಡಿನಲ್ಲಿ ಮರವನ್ನೂ ಕಲ್ಲನ್ನೂ ಹೊರುವ ಹಳೆಯ ಶಕ್ತಿಮಾನುಗಳ ಪಾಡೂ ಇದೇ. ಹೀಗಿದ್ದೂ ಅವು ಓಡಿದ್ದು ಹೇಗೆ? ಪುಸ್ತಕದ ಜಾಗದಲ್ಲಿ ಮೇಸ್ತ್ರಿ ಬಂದ. ಎರಡನೆಯ ಮಹಾಯುದ್ಧ ಮುಗಿದಾಗ ಬಂದ ಡಿಸ್ಪೋಸಲ್ ಗಾಡಿಗಳ ಕಾಲದಿಂದಲೂ ನಮ್ಮ ನಾಡಿನಲ್ಲಿ ಇಂಥ ಮೇಸ್ತ್ರಿಗಳ ಪರಂಪರೆ ಇದೆ. ಅಮೆರಿಕದ ಗಾಡಿಗೆ ಒಂದು ಜಾತಿಯ ಮರೆ, ಬ್ರಿಟಿಷ್ ಗಾಡಿಗೆ ವಿಟ್‌ವರ್ತ್ ಮರೆ, ಆಮೇಲೆ ಬಂದ ಜರ್ಮನ್ ವಂಶದ ಗಾಡಿಗೆ ಮೆಟ್ರಿಕ್ ಮರೆ. ಒಂದರ ಪಾನ ಇನ್ನೊಂದರ ನಟ್ಟಿಗೆ ಕೂರದು, ಕೂರಿಸಹೋದರೆ ಮೂಲೆ ಸವೆದು ನಟ್ಟು ಗುಂಡಾಗುತ್ತದೆ. ಬೆರಳಿನಿಂದ ಮುಟ್ಟಿಯೇ ಇದು ಯಾವ ಮರೆ ಎಂದು ಹೇಳಬಲ್ಲವರನ್ನು ನಾನು ನೋಡಿದ್ದೇನೆ. ಹಳಗನ್ನಡದ ಪದ್ಯವನ್ನು ಕೇಳಿದೊಡನೆ ಇದು ಕಂದ, ಇದು ವೃತ್ತ ಎಂದು ಹೇಳುವ ವಿದ್ಯಾರ್ಥಿಗೆ ನಾವು ಚಿನ್ನದ ಪದಕ ಕೊಡುತ್ತೇವೆ.

ನಾನು ಹೇಳಿದ ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ, ಆರು ಸಿಲಿಂಡರುಗಳಲ್ಲಿ ನಾಲ್ಕನೆಯದು ಸುಮ್ಮನಿದೆಯೆಂದು ಹೇಳಿದರು. ಆ ನಾಜಲ್ಲಿನ ನಟ್ಟು ಸಡಿಲಿಸಿದರೂ ಎಂಜಿನ್ನಿನ ದನಿ ಬದಲಾಗಲಿಲ್ಲ. ಅಲ್ಲಿಗೆ ಮಾತು ನಿಜವಾಯಿತು. ಬೇರೆ ಯಾವುದನ್ನು ಸಡಿಲಿಸಿದರೂ ದನಿ ಕುಗ್ಗುತ್ತಿತ್ತು. ಇದು ಊಹೆಯೂ ಅಲ್ಲ, ಮಂತ್ರವೂ ಅಲ್ಲ. ಒಂದೊಂದನ್ನೇ ಬಿಟ್ಟು ಉಳಿದುದನ್ನು ಪರೀಕ್ಷಿಸುವ ಶುದ್ಧವಾದ ತರ್ಕ. ಅವರ ಮಗ ದೂರದ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಕಲಿಯಲು ಬರುವ ಹುಡುಗರಿಲ್ಲ. ಬಂದವರೂ ಪೂರ್ತಿ ಕಲಿಯುವ ಮುನ್ನವೇ ಹೆಚ್ಚು ಸಂಬಳದ ಕಡೆಗೆ ಹೊರಟುಬಿಡುತ್ತಾರೆ. ಅದರಲ್ಲಿ ಅವರದೇನೂ ತಪ್ಪಿಲ್ಲ.

ಮೇಸ್ತ್ರಿಯ ಮಾತಿನಲ್ಲಿ ಕಾಲು ಪಾಲು ಸತ್ಯ ಕಡಿಮೆಯೆಂದು ಹೇಳಿದ್ದೆನಷ್ಟೆ. ಕೊಲ್ಲುವವರಿಲ್ಲದಿದ್ದರೂ ಗಾಡಿ ಸಾಯುತ್ತದೆ. ಸುಮ್ಮನೆ ನಿಂತರೂ ಸಾಯುತ್ತದೆ. ಬ್ರೇಕಿನ ರಬ್ಬರು ಒಣಗಿ ಬಿರಿಯುತ್ತದೆ, ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿ ಕೊಳವೆಗಳನ್ನು ಒಳಗಿಂದಲೇ ತುಕ್ಕು ಹಿಡಿಸುತ್ತದೆ, ಆಯಿಲ್ ಸೀಲು ಗಟ್ಟಿಯಾಗಿ ಸೋರುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ನಿಲ್ಲದ ಹಳೆಯ ಲಾರಿ ಯಮನ ವಾಹನವೇ. ಅದರ ಹೊಗೆಯನ್ನು ಕುಡಿಯುವವರು ರಸ್ತೆಯ ಬದಿಯ ಶಾಲಾಮಕ್ಕಳು. ೨೦೨೦ರಲ್ಲಿ ದೇಶವೆಲ್ಲ ಬಿ.ಎಸ್.-೬ ಕಟ್ಟಳೆಗೆ ಬಂದ ಮೇಲೆ ಹೊಸ ಲಾರಿಯ ಹೊಗೆಯನ್ನೂ ಇದರ ಹೊಗೆಯನ್ನೂ ಹೋಲಿಸುವಂತೆಯೇ ಇಲ್ಲ. ಹಳೆಯದೆಲ್ಲ ಹೊನ್ನೆಂಬ ಮೋಹ ನನಗಿಲ್ಲ. ಊರೊಳಗೆ, ಸಂತೆಯ ಬೀದಿಯಲ್ಲಿ, ದಿನನಿತ್ಯದ ಬಾಡಿಗೆಗೆ ಇಂಥ ಲಾರಿ ಓಡಬಾರದೆಂದರೆ ನಾನು ಒಪ್ಪುವೆನು.

ನಾನು ಒಪ್ಪದಿರುವುದು ವರ್ಷ ಎಣಿಸುವ ರೀತಿಯನ್ನು. ೨೦೨೩ರ ಏಪ್ರಿಲ್ ೧ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗತಕ್ಕದ್ದೆಂದು ಕೇಂದ್ರ ಸರ್ಕಾರ ವಿಧಿಸಿತು. ದೇಶರಕ್ಷಣೆಯ ಕಾರ್ಯಾಚರಣೆಯಲ್ಲಿ ಬಳಸುವ ಕವಚದ ವಾಹನ ಮೊದಲಾದ ವಿಶೇಷ ವಾಹನಗಳಿಗೆ ವಿನಾಯಿತಿ. ಹದಿನೈದು ಎಂಬುದು ಗುಮಾಸ್ತನಿಗೆ ಅನುಕೂಲವಾದ ಅಂಕಿ. ಮೂರು ಹೊತ್ತೂ ಪರೀಕ್ಷೆಗೊಂಡು ಹದಿನಾರನೆಯ ವರ್ಷಕ್ಕೆ ಕಾಲಿಟ್ಟ ಗಾಡಿಗೂ, ಆಯಿಲನ್ನೇ ಕಾಣದೆ ನಾಲ್ಕನೆಯ ವರ್ಷದಲ್ಲಿ ನರಳುವ ಗಾಡಿಗೂ ಅದು ಮಾಡುವ ತೀರ್ಪು ತಲೆಕೆಳಗು. ನಾನು ಬಲ್ಲ ಒಂದು ಸಂಸ್ಥೆಯಲ್ಲಿ ಏಳು ವರ್ಷದ ಜೀಪೊಂದು ಎರಡು ಮಳೆಗಾಲ ಬಯಲಲ್ಲಿ ನಿಂತು ಹಾಳಾಯಿತು. ಬೇಕಾಗಿದ್ದುದು ಒಂದು ನೀರಿನ ಪಂಪು. ಹೊಸ ಜೀಪಿಗೆ ಹಣ ಮಂಜೂರಾಯಿತು, ನೀರಿನ ಪಂಪಿಗೆ ಆಗಲಿಲ್ಲ. ಏಕೆಂದರೆ ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ತಲೆಬರಹ ಇರಲಿಲ್ಲ. ‘ಖಂಡಸ್ಫುಟಿತ’ವೆಂಬ ತಲೆಬರಹವನ್ನು ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತಿಸಿದವರ ಮಕ್ಕಳು ನಾವು. ಸರ್ಕಾರ ವಾಹನವೊಂದನ್ನು ಕೊಳ್ಳುವ ದಿನವೇ ಅದರ ಪಾಲನೆಯ ಹಣವನ್ನೂ ಪಾಲನೆಯ ಪುಸ್ತಕವನ್ನೂ ಅದರೊಡನೆ ಕಟ್ಟಿಕೊಡಲಿ. ಹದಿನೈದು ತುಂಬಿದ ದಿನ ಪುಸ್ತಕವನ್ನು ಓದಿ, ಬ್ರೇಕನ್ನೂ ಹೊಗೆಯನ್ನೂ ಅಳೆದು, ಆಮೇಲೆ ಗುಜರಿಗೆ ಕಳಿಸುವುದೋ ಬಿಡುವುದೋ ತೀರ್ಮಾನಿಸಲಿ. ಖಾಸಗಿ ಗಾಡಿಗೆ ಅರ್ಹತೆಯ ಪರೀಕ್ಷೆ ಇರುವಾಗ ಸರ್ಕಾರದ ಗಾಡಿಗೆ ಬರಿಯ ಪಂಚಾಂಗ ಸಾಕೆ?

ಇನ್ನು ನನ್ನ ಸ್ವಂತ ಇಲಾಖೆಯ ಮಾತು. ಯಂತ್ರವಿದ್ಯೆಯನ್ನು ಕನ್ನಡದಲ್ಲಿ ಹೇಳಹೊರಟ ನಮ್ಮ ಪಂಡಿತರು ‘ಅಂತರ್ದಹನ’ವೆಂಬಂಥ ಪದಗಳನ್ನು ಟಂಕಿಸಿದರು. ಪದ ತಪ್ಪಲ್ಲ, ಆದರೆ ಯಾವ ಗ್ಯಾರೇಜಿನಲ್ಲಿಯೂ ಅದು ಕೇಳಿಬರುವುದಿಲ್ಲ. ಗ್ಯಾರೇಜಿನ ಕನ್ನಡ ಬೇರೆಯೇ ಇದೆ. ಗಾಡಿ ‘ಆಯಿಲ್ ತಿನ್ನುತ್ತದೆ’, ‘ಮಿಸ್ ಹೊಡೆಯುತ್ತದೆ’, ‘ಏರ್ ಹಿಡಿಯುತ್ತದೆ’, ಎಂಜಿನ್ನು ‘ಬೋರಿಗೆ ಬರುತ್ತದೆ’, ಗೇರು ‘ಕಚ್ಚುವುದಿಲ್ಲ’, ಸವೆದ ಮರೆ ‘ಹಾರುತ್ತದೆ’. ನಾಮಪದ ಇಂಗ್ಲಿಷಿನಿಂದ ಬಂದಿರಬಹುದು. ಕ್ರಿಯಾಪದ ಅಚ್ಚಗನ್ನಡ, ಅದೂ ತಿನ್ನುವ, ಹಿಡಿಯುವ, ಕಚ್ಚುವ, ಜೀವವುಳ್ಳ ಕ್ರಿಯಾಪದ. ‘ಪಾನ’ ಹಿಂದಿಯ ಕಡೆಯಿಂದ ಬಂತು, ‘ದುರಸ್ತಿ’ ಪಾರಸಿಯಿಂದ. ಎರಡಕ್ಕೂ ನಾವು ಮನೆಯೊಳಗೆ ಮಣೆ ಹಾಕಿದ್ದೇವೆ. ಬೇಸಾಯದ 

ಪದಗಳನ್ನೂ ಕುಂಬಾರಿಕೆ, ನೇಯ್ಗೆಗಳ ಪದಗಳನ್ನೂ ಕಲೆಹಾಕಿದ ಹಾಗೆ ಇವನ್ನೂ ಕಲೆಹಾಕಬೇಕು, ಅರ್ಥ ಬರೆದರೆ ಸಾಲದು, ಆ ಪದ ಹೇಳುವಾಗ ಕೈ ಏನು ಮಾಡುತ್ತದೆಂಬುದನ್ನೂ ಬರೆಯಬೇಕು. ಹಾಗೆ ಬರೆದರೆ ಅದೇ ಒಂದು ಕೈಪಿಡಿಯಾಗುತ್ತದೆ. ಇದು ಸಾಹಿತ್ಯದ ಕೆಲಸವೆ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಸೂಪಶಾಸ್ತ್ರವನ್ನೂ ಗೋವೈದ್ಯವನ್ನೂ ಪದ್ಯದಲ್ಲಿ ಬರೆದ ಪರಂಪರೆಯನ್ನು ಸಾಹಿತ್ಯ ಚರಿತ್ರೆಯಲ್ಲಿ ಪಾಠ ಹೇಳುವವರು ನಾವೇ ಎಂದು ಮಾತ್ರ ಅವರಿಗೆ ನೆನಪಿಸಿದೆನು.

ನಮ್ಮ ಎಂ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ ಕಿರುಪ್ರಬಂಧಕ್ಕಾಗಿ ಈ ಕೆಲಸವನ್ನು ಕೈಗೆತ್ತಿಕೊಂಡಿದ್ದಾಳೆ. ಅವಳ ತಂದೆ ಲಾರಿ ಚಾಲಕರು. ಶನಿವಾರ ಮಧ್ಯಾಹ್ನಗಳಲ್ಲಿ ಗ್ಯಾರೇಜಿಗೆ ಹೋಗಿ, ಮೇಸ್ತ್ರಿ ಹೇಳಿದ್ದನ್ನು ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾಳೆ. ಪಕ್ಕದಲ್ಲಿ ಪೆನ್ಸಿಲಿನ ಚಿತ್ರ. ಎಣ್ಣೆಯ ಟ್ಯಾಂಕಿನಿಂದ ಹೊರಟು ಫಿಲ್ಟರು, ಪಂಪು, ನಾಜಲ್ಲುಗಳನ್ನು ದಾಟಿ ಈಗ ಕ್ಲಚ್ಚಿನವರೆಗೆ ಬಂದಿದ್ದಾಳೆ. ಗೇರುಪೆಟ್ಟಿಗೆಯ ಪದಗಳು ಮಳೆಗಾಲ ಕಳೆದ ಮೇಲೆ. ಅಲ್ಲಿಯತನಕ ಆ ಲಾರಿಯ ಗೇರುಪೆಟ್ಟಿಗೆ ಬಿಚ್ಚುವ ಕೆಲಸವಿಲ್ಲವಂತೆ.